ಐದನೇ ಪಾಠದ ನಲವತ್ತೊಂದು ಸೆಕೆಂಡು

ಮನೆಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ‘ಮೈಕು’ ಎಂದು. ಅಣ್ಣನ ಮೈಕು. ಅಣ್ಣನಿಗೆ ಚಿಕ್ಕಂದಿನಿಂದ ಉಗ್ಗು. ಅವನು ಬಾಯಿ ತೆರೆದು ಮೊದಲ ಅಕ್ಷರದ ಹತ್ತಿರ ಒದ್ದಾಡುತ್ತಿರುವಾಗ, ಅವನಿಗಿಂತ ಆರು ವರ್ಷ ಚಿಕ್ಕವಳಾದ ನಾನು ಪಕ್ಕದಲ್ಲಿ ನಿಂತು ಇಡೀ ವಾಕ್ಯವನ್ನು ಪಟಪಟನೆ ಹೇಳಿ ಮುಗಿಸುತ್ತಿದ್ದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಎದುರಿಗೆ, ಕೊನೆಗೆ ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಎದುರಿಗೂ. ಅತ್ತಿಗೆ ಇವತ್ತಿಗೂ ಆಡಿಕೊಳ್ಳುತ್ತಾರೆ: “ನಾನು ಒಪ್ಕೊಂಡಿದ್ದು ನಿಮ್ಮಣ್ಣನನ್ನೋ ನಿನ್ನನ್ನೋ ಅಂತ ಇನ್ನೂ ಗೊತ್ತಾಗಿಲ್ಲ ಕಣೇ.” ಎಲ್ಲರೂ ನಗುತ್ತಾರೆ. ಅಣ್ಣನೂ ನಗುತ್ತಾನೆ. ನಗುವಾಗ ಅವನು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಇದನ್ನೆಲ್ಲ ಉಪಕಾರ ಎಂದುಕೊಂಡೇ ಬೆಳೆದವಳು ನಾನು. ನನ್ನ ಕೆಲಸವೂ ಅದಕ್ಕೆ ತಕ್ಕಂತೆಯೇ ಸಿಕ್ಕಿತು. ವಿಡಿಯೋ ಎಡಿಟಿಂಗ್. ಬೇರೆಯವರ ಮಾತನ್ನು ಕತ್ತರಿಸಿ, ಜೋಡಿಸಿ, ಅವರು ಆಡಿದ್ದಕ್ಕಿಂತ ಚೆನ್ನಾಗಿ ಆಡಿದಂತೆ ಮಾಡಿಕೊಡುವ ಕೆಲಸ. ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಪರದೆ, ಕೆಳಗಿನಿಂದ ದಿನವಿಡೀ ಬರುವ ಬಿಸಿ ಬಟ್ಟೆಯ ವಾಸನೆ. ಹದಿನಾಲ್ಕು ವರ್ಷದಿಂದ ಅಲ್ಲೇ ಕೂತಿದ್ದೇನೆ. ಸಭೆಯಲ್ಲಿ ತಡವರಿಸಿದ ಎಷ್ಟೋ ದೊಡ್ಡವರು ನನ್ನ ಕೈಯಲ್ಲಿ ಮಹಾ ವಾಗ್ಮಿಗಳಾಗಿ ಆಚೆ ಹೋಗಿದ್ದಾರೆ. ಅವರಲ್ಲಿ ಒಬ್ಬರೂ ಥ್ಯಾಂಕ್ಸ್ ಹೇಳಿಲ್ಲ. ಬಹುಶಃ ತಾವು ಹಾಗೇ ಮಾತಾಡಿದ್ದು ಎಂದು ಅವರೇ ನಂಬಿಬಿಟ್ಟಿದ್ದಾರೆ.

ಅಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಮೂವತ್ತು ವರ್ಷದ ಅನುಭವ. ಯಂತ್ರದ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲ, ಹೇಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೆ. ಹೋದ ವರ್ಷ ಒಂದು ಹೊಲಿಗೆ ತರಬೇತಿ ಕೇಂದ್ರದವರು ಯಂತ್ರ ನೋಡಿಕೊಳ್ಳುವ ಬಗ್ಗೆ ಹನ್ನೆರಡು ಸಣ್ಣ ಪಾಠಗಳ ವಿಡಿಯೋ ಬೇಕೆಂದು ನನ್ನನ್ನು ಕೇಳಿದರು. ಒಂದೊಂದು ಪಾಠ ಹತ್ತು ನಿಮಿಷ ದಾಟಬಾರದು, ಕಲಿಯುವವರು ಫೋನಿನಲ್ಲಿ ನೋಡುತ್ತಾರೆ ಎಂದರು ಅಲ್ಲಿನ ಮೇಡಂ. ಪಾಠ ಹೇಳಲು ನುರಿತವರೊಬ್ಬರನ್ನು ನೀವೇ ಹುಡುಕಿ ಎಂದೂ ಹೇಳಿದರು. ನಾನು ಹುಡುಕಲು ಹೋಗಲೇ ಇಲ್ಲ.

ನೇರ ಅಣ್ಣನನ್ನೇ ಕೇಳಿದೆ. ಅವನು ಮೂರು ದಿನ ಉತ್ತರ ಕೊಡಲಿಲ್ಲ. ನಾಲ್ಕನೇ ದಿನ ಫೋನ್ ಮಾಡಿ ಒಪ್ಪಿಕೊಂಡ. ಅವನ ಅಂಗಡಿಯಲ್ಲೇ ಎರಡು ಕ್ಯಾಮರಾ ಇಟ್ಟೆ, ಒಂದು ಮುಖಕ್ಕೆ, ಇನ್ನೊಂದು ಕೈಗಳಿಗೆ. ಶುರು ಮಾಡುವ ಮುಂಚೆ ಅವನು ಕೈ ಅಡ್ಡ ಹಿಡಿದ.

“ಒಂ... ಒಂದು ಮಾತು. ನಾನು ಹೇಗೆ ಮಾತಾಡ್ತೀನೋ ಹ... ಹಾಗೇ ಇರ್ಲಿ. ಕತ್ತರಿ ಹಾಕ್ಬೇಡ.”

“ಯಾಕಣ್ಣ?”

“ನೋಡೋರಲ್ಲಿ ನನ್ನಂಥವ್ರೂ ಇರ್ತಾರಲ್ಲ. ಉಗ್ಗೋನು ಪಾ... ಪಾಠ ಹೇಳ್ಬಹುದು ಅಂತ ಅವ್ರಿಗೂ ಗೊತ್ತಾಗ್ಲಿ.”

“ಆಯ್ತು, ಮುಟ್ಟಲ್ಲ” ಎಂದೆ. ಅವನ ಭುಜ ತಟ್ಟಿಯೇ ಹೇಳಿದೆ.

ಮುಟ್ಟಿದೆ. ಮೊದಲನೆಯ ಪಾಠದಿಂದಲೇ ಮುಟ್ಟಿದೆ. ಹತ್ತು ನಿಮಿಷದ ಮಿತಿ ಒಂದು ಒಳ್ಳೆಯ ನೆಪವಾಗಿ ಒದಗಿಬಂತು. ಅವನ ಒಂದೊಂದು ಪಾಠವೂ ಇಪ್ಪತ್ತು, ಇಪ್ಪತ್ತೈದು ನಿಮಿಷ ಇತ್ತು. ಬೇಕಿದ್ದರೆ ಒಂದು ಪಾಠವನ್ನು ಎರಡು ಮಾಡಬಹುದಿತ್ತು, ಮೇಡಂಗೆ ಒಂದು ಮಾತು ಕೇಳಬಹುದಿತ್ತು. ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು. ನನ್ನ ಹೆಸರು ಕೊನೆಯಲ್ಲಿ ಬರುವ ವಿಡಿಯೋದಲ್ಲಿ ನನ್ನ ಅಣ್ಣ ‘ಪ... ಪ... ಪ...’ ಎನ್ನುತ್ತಾ ಕಣ್ಣು ಮುಚ್ಚಿಕೊಂಡು ನಿಲ್ಲುವುದನ್ನು ಜನ ನೋಡುತ್ತಾರೆ ಎಂದು. ಅವನಿಗೆ ಇಲ್ಲದ ನಾಚಿಕೆ ನನಗಿತ್ತು.

ನನ್ನ ಕಂಪ್ಯೂಟರಿನಲ್ಲಿ ಪ್ರತಿ ಪಾಠಕ್ಕೂ ನಾಲ್ಕು ಫೋಲ್ಡರ್: ‘ಮುಖ’, ‘ಕೈ’, ‘ದನಿ’, ‘ಬೇಡ’. ಕತ್ತರಿಸಿ ತೆಗೆದ ತುಂಡುಗಳೆಲ್ಲ ‘ಬೇಡ’ಕ್ಕೆ ಹೋಗುತ್ತವೆ. ಮಾತು ಕತ್ತರಿಸಿದ ಜಾಗದಲ್ಲಿ ಚಿತ್ರ ಒಂದು ಸಲ ಕುಪ್ಪಳಿಸುತ್ತದೆ, ತಲೆ ಇಲ್ಲಿದ್ದದ್ದು ಥಟ್ಟನೆ ಅಲ್ಲಿರುತ್ತದೆ. ಅದನ್ನು ಮುಚ್ಚಲು ಅಲ್ಲಿ ಕೈಗಳ ಚಿತ್ರ ಹಾಕಿಬಿಡುತ್ತೇವೆ. ಖಾಲಿ ಅಂಗಡಿಯ ಮೌನವನ್ನು ಮೊದಲೇ ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ ಅದನ್ನು ಸಂದಿಗಳಲ್ಲಿ ತುಂಬಬಹುದು. ಆಮೇಲೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮೊದಲ ನಾಲ್ಕು ಪಾಠಗಳನ್ನು ಒಂದೊಂದು ಮಾತೂ ಕೇಳಿ ಕತ್ತರಿಸಿದೆ. ಐದನೆಯದರ ಹೊತ್ತಿಗೆ ಕೈ ಪಳಗಿತ್ತು, ಗಡುವೂ ಹತ್ತಿರ ಬಂದಿತ್ತು. ಪರದೆಯ ಮೇಲೆ ದನಿ ಏರಿಳಿಯುವ ಗೆರೆಯಾಗಿ ಕಾಣುತ್ತದೆ. ಮಾತು ಇದ್ದಲ್ಲಿ ಗುಡ್ಡ, ಇಲ್ಲದಲ್ಲಿ ಬಯಲು. ಉಗ್ಗು ಬಂದಲ್ಲಿ ಒಂದೇ ಥರದ ಪುಟ್ಟ ಪುಟ್ಟ ಮೊನೆಗಳು. ಕಿವಿ ಬೇಡವಾಯಿತು. ಆ ಮೊನೆಗಳನ್ನು ಕಂಡಲ್ಲೆಲ್ಲ ಕಣ್ಣಳತೆಯಲ್ಲೇ ಕತ್ತರಿಸುತ್ತ ಹೋದೆ. ಒಂದು ಕಡೆ ಉದ್ದಕ್ಕೆ ಮೊನೆಗಳಿದ್ದವು, ನಡುವೆ ಒಂದಷ್ಟು ಬಯಲು, ಕೊನೆಗೆ ಕೆಲವು ಚೂರು ಗುಡ್ಡ, ಒಟ್ಟು ನಲವತ್ತೊಂದು ಸೆಕೆಂಡು. ಇಷ್ಟು ಹೊತ್ತು ಒದ್ದಾಡಿದ್ದಾನಲ್ಲಪ್ಪ ಎಂದುಕೊಂಡು ಎರಡೂ ತುದಿಗೆ ಗುರುತು ಹಾಕಿ ಎತ್ತಿ ‘ಬೇಡ’ಕ್ಕೆ ಎಸೆದೆ. ಮೇಲೆ ಕೈಗಳ ಚಿತ್ರ ಹೊದಿಸಿದೆ. ಸಂಜೆ ನಾಲ್ಕಕ್ಕೆ ತುಂಡುಗಳೆಲ್ಲ ಬೆಸೆದು ಒಂದೇ ಫೈಲಾಗಿ ಎಕ್ಸ್‌ಪೋರ್ಟ್ ಆಯಿತು. ಒಂಬತ್ತು ನಿಮಿಷ ಐವತ್ತು ಸೆಕೆಂಡು. ‘ಪಾಠ5_ಕೊನೆಯದು’, ‘ಪಾಠ5_ಕೊನೆಯದು_ನಿಜವಾಗಿ’ ದಾಟಿ ‘ಪಾಠ5_ಇದೇ_ಕಳಿಸು’ ಎಂಬ ಫೈಲನ್ನು ಒಮ್ಮೆ ಪೂರ್ತಿ ನೋಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಕಳಿಸಿದೆ.

ರೆಕಾರ್ಡ್ ಮಾಡುವಾಗ ನೀನೂ ಅಲ್ಲೇ ಇದ್ದೆಯಲ್ಲ, ಅವನು ಏನು ಹೇಳಿದ ಎಂದು ಕೇಳಿರಲಿಲ್ಲವೇ ಎಂದರೆ, ಇಲ್ಲ. ಬೇರೆಯವರ ವಾಕ್ಯ ಮುಗಿಸುವವರಿಗೆ ಒಂದು ಚಾಳಿ ಇರುತ್ತದೆ. ಅವನು ಸಿಕ್ಕಿಕೊಂಡ ಕೂಡಲೇ ನಾನು ಕೇಳುವುದನ್ನು ನಿಲ್ಲಿಸಿ ಊಹಿಸಲು ಶುರು ಮಾಡುತ್ತೇನೆ. ಆ ದಿನವೂ ಅಷ್ಟೇ. ಕ್ಯಾಮರಾದ ಹಿಂದೆ ನಿಂತಿದ್ದೆ. ಕೇಳಲಿಲ್ಲ.

ಹನ್ನೆರಡೂ ಪಾಠ ಮುಗಿದವು. ಅಣ್ಣ ಒಂದನ್ನೂ ನೋಡಲಿಲ್ಲ. “ಕನ್ನಡೀಲಿ ನೋಡ್ಕೊಳ್ಳೋದೇ ಸಾ... ಸಾಕಾಗಿದೆ” ಎಂದ. ಅತ್ತಿಗೆ ನೋಡಿದರು. ಮರುದಿನ ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

“ಚೆನ್ನಾಗಿದೆ. ಆದ್ರೆ ಅದು ನಮ್ಮನೆಯವರಲ್ಲ.”

“ಅತ್ತಿಗೆ, ದಯವಿಟ್ಟು ಅಣ್ಣಂಗೆ ಹೇಳ್ಬೇಡಿ.”

“ನಾನ್ಯಾಕೆ ಹೇಳ್ಲಿ? ನೀನೇ ಹೇಳು” ಎಂದು ಇಳಿದು ಹೋದರು.

ಹೇಳೋಣ, ಹೇಳೋಣ ಎನ್ನುತ್ತಲೇ ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ಮೇಡಂ ಫೋನ್ ಬಂತು. ಅವರ ಕೇಂದ್ರದಲ್ಲಿ ಯಂತ್ರದ ಪಾಠ ಹೇಳುವ ಮೇಷ್ಟ್ರು ನಿವೃತ್ತಿಯಾಗುತ್ತಿದ್ದಾರಂತೆ. “ನಿಮ್ಮ ಅಣ್ಣ ಎಷ್ಟು ಸರಾಗವಾಗಿ ಮಾತಾಡ್ತಾರೆ ರೀ! ಅವರೇ ಬರೋದಾದ್ರೆ ನಮಗೆ ಸಂತೋಷ” ಎಂದರು. ಅಣ್ಣನಿಗೆ ಸುದ್ದಿ ಮುಟ್ಟಿಸಿದೆ, ಸರಾಗವಾಗಿ ಎನ್ನುವುದನ್ನು ಬಿಟ್ಟು. ಅಲ್ಲೂ ಕತ್ತರಿ.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ.

“ಅವ್ರು ವಿ... ವಿಡಿಯೋ ನೋಡಿದ್ದಾರಲ್ಲ? ನಾನು ಹೇಗೆ ಮಾತಾಡ್ತೀನಿ ಅಂತ ಗೊ... ಗೊತ್ತಿದ್ದೂ ಕರೀತಿದ್ದಾರಾ?”

“ನೋಡಿದ್ದಾರೆ ಅಣ್ಣ” ಎಂದೆ.

ಇಂಥ ಉತ್ತರ ಕೊಡುವುದರಲ್ಲಿ ನಾನು ನಿಪುಣೆ. ಅದರಲ್ಲಿ ಒಂದೂ ಸುಳ್ಳು ಪದವಿಲ್ಲ. ಆ ಸಂಜೆ ಅವನು ಹೊಸ ಕನ್ನಡಕಕ್ಕೆ ಅಳತೆ ಕೊಟ್ಟು ಬಂದನಂತೆ. ಹಿಂದಿನ ಬೆಂಚಿನವರ ಕೈ ಕಾಣಬೇಕಲ್ಲ ಎಂದನಂತೆ. ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಯಾರೋ ತನ್ನ ಮಾತನ್ನು ಇದ್ದ ಹಾಗೇ ಒಪ್ಪಿಕೊಂಡಿದ್ದಾರೆ ಎಂದು ಅವನು ನಂಬಿದ್ದ. ಅತ್ತಿಗೆ ಇದನ್ನೆಲ್ಲ ಹೇಳಿ, ಕೊನೆಗೆ ನನ್ನ ಮುಖವನ್ನೇ ನೋಡುತ್ತ ಕೂತರು.

ವಾರದ ನಂತರ ಮೇಡಂ ಮತ್ತೆ ಫೋನ್ ಮಾಡಿದರು. ಈ ಸಲ ದನಿಯಲ್ಲಿ ಸಂತೋಷವಿರಲಿಲ್ಲ. ತರಬೇತಿಗೆ ಬರುವ ಹೆಂಗಸೊಬ್ಬರು ಐದನೇ ಪಾಠ ನೋಡಿಕೊಂಡೇ ಕರೆಂಟಿನ ಯಂತ್ರದಲ್ಲಿ ಸಿಕ್ಕಿಕೊಂಡ ದಾರ ತೆಗೆಯಲು ಹೋಗಿದ್ದರು. ವಿಡಿಯೋದಲ್ಲಿ ಹೇಳಿದಂತೆ ಪ್ಲೇಟು ಬಿಚ್ಚಿ, ಸೂಜಿಯ ಕೆಳಗೆ ಬೆರಳು ತೂರಿಸಿ ಬಗ್ಗಿದಾಗ ಕಾಲು ಪೆಡಲಿನ ಮೇಲೆ ಬಿದ್ದಿದೆ. ಯಂತ್ರ ಓಡಿದೆ. ಸೂಜಿ ಉಗುರನ್ನು ತೂರಿಕೊಂಡು ಹೋಗಿ ಒಳಗೇ ಮುರಿದಿದೆ. ಆಸ್ಪತ್ರೆಯಲ್ಲಿ ತುಂಡು ತೆಗೆದಿದ್ದಾರೆ.

“ಮೊದಲು ಪ್ಲಗ್ ಕೀಳಿ ಅಂತ ಒಂದು ಮಾತು ಹೇಳಬಾರದಿತ್ತಾ ನಿಮ್ಮ ಅಣ್ಣ? ನಾಡಿದ್ದು ಹನ್ನೊಂದು ಗಂಟೆಗೆ ಇಬ್ಬರೂ ಬನ್ನಿ.”

ಪ್ಲಗ್ ಕೀಳದೆ ಅಣ್ಣ ಯಂತ್ರಕ್ಕೆ ಕೈ ಹಾಕಿದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ರಿಪೇರಿಗೆ ತಂದವರಿಗೂ ಅದನ್ನೇ ಹೇಳಿ ಹೇಳಿ ತಲೆ ತಿನ್ನುತ್ತಾನೆ. ಫೋನ್ ಇಟ್ಟು ಪ್ರಾಜೆಕ್ಟ್ ತೆರೆದೆ. ‘ಪಾಠ 5’, ‘ಬೇಡ’. ಇನ್ನೂರ ಹದಿನೇಳು ತುಂಡುಗಳು. ಅಳತೆಯ ಪ್ರಕಾರ ಜೋಡಿಸಿದರೆ ಎಲ್ಲಕ್ಕಿಂತ ಮೇಲೆ ಬಂದದ್ದು ಆ ನಲವತ್ತೊಂದು ಸೆಕೆಂಡಿನದು. ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಅದನ್ನು ಕೇಳಿದೆ.

ಅಣ್ಣ ಕ್ಯಾಮರಾ ನೋಡುತ್ತಾನೆ. “ಆದ್ರೆ ಮೊದ್ಲು ಪ... ಪ...” ಎಂದು ಸಿಕ್ಕಿಕೊಳ್ಳುತ್ತಾನೆ. ಕಣ್ಣು ಮುಚ್ಚುತ್ತಾನೆ. ಬಿಡುವುದಿಲ್ಲ. ಮತ್ತೆ ‘ಪ’. ಕುತ್ತಿಗೆಯ ನರ ಉಬ್ಬುತ್ತದೆ. ಇನ್ನೇನು ಬಂತು ಎನ್ನುವಾಗ ಮತ್ತೆ ನಿಲ್ಲುತ್ತದೆ. ಆಗ ಬಾಯಿಯನ್ನು ಅದರ ಪಾಡಿಗೆ ಬಿಟ್ಟು, ಮೇಜಿನ ಕೆಳಗೆ ಬಗ್ಗಿ, ಪ್ಲಗ್ ಕಿತ್ತು, ಅದನ್ನು ಕ್ಯಾಮರಾದ ಮುಂದೆ ಎತ್ತಿ ಹಿಡಿಯುತ್ತಾನೆ. ಹಿಡಿದುಕೊಂಡೇ ಹೇಳುತ್ತಾನೆ: “ಪ್ಲಗ್ ಕೀಳಿ. ಸ್ವಿ... ಸ್ವಿಚ್ ಆರಿಸಿದ್ರೆ ಸಾಲ್ದು. ಪ್ಲಗ್ ಕೀಳಿ. ನಂಗೆ ಇದನ್ನ ಹೇಳೋಕೆ ಇ... ಇಷ್ಟು ಹೊತ್ತಾಯ್ತು. ನಿಮ್ಗೆ ಕೀಳೋಕೆ ಎರಡೇ ಸೆಕೆಂಡು. ಪ್ಲಗ್ ಕೀಳಿ.”

ಮೂರು ಸಲ. ಮುಖ್ಯವಾದದ್ದು ಎಂದೇ ಅವನಿಗೆ ಅಷ್ಟು ಉಗ್ಗು ಬಂದಿತ್ತು. ಉಗ್ಗು ಬಂದಿತ್ತು ಎಂದೇ ನಾನು ತೆಗೆದು ಎಸೆದಿದ್ದೆ. ಪರದೆಯ ಮುಂದೆ ಕೂತು ಅತ್ತೆ. ಆಮೇಲೆ ಆ ತುಂಡನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ, ಒಂದು ಪೆನ್‌ಡ್ರೈವಿಗೆ ಹಾಕಿ, ಕೈಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ. ನಾಡಿದ್ದು ಎಲ್ಲರ ಎದುರಿಗೆ ಒಪ್ಪಿಕೊಂಡುಬಿಡಬೇಕು ಎಂದು ನಿರ್ಧರಿಸಿದೆ. ಅಣ್ಣನಿಗೆ ಅದಕ್ಕೂ ಮುಂಚೆ ಹೇಳಬೇಕಿತ್ತು. ಎರಡು ಸಲ ಫೋನ್ ಮಾಡಿ, ಎರಡೂ ಸಲ ಬಸ್ಸಿನ ಹೊತ್ತು ಮಾತ್ರ ಹೇಳಿ ಇಟ್ಟೆ.

ಕೇಂದ್ರದ ಆಫೀಸಿನಲ್ಲಿ ಉದ್ದ ಮೇಜು, ಗೋಡೆಯ ಮೇಲೆ ದೊಡ್ಡ ಪರದೆ. ಮೇಡಂ, ಅವರ ಪಕ್ಕದಲ್ಲಿ ಹಸಿರು ಶಾಲು ಹೊದ್ದ ನಡುವಯಸ್ಸಿನ ಹೆಂಗಸು. ಆಕೆಯ ತೋರುಬೆರಳಿಗೆ ಬ್ಯಾಂಡೇಜು. ಅಣ್ಣ ಒಳಗೆ ಬಂದವನೇ ನೇರವಾಗಿ ಅವರ ಹತ್ತಿರ ಹೋಗಿ, “ನೋ... ನೋವು ಹೇಗಿದೆಯಮ್ಮ?” ಎಂದು ಕೇಳಿದ. ಮೇಡಂ ಹುಬ್ಬು ಮೇಲೇರಿತು. ಅವರು ನನ್ನತ್ತ ನೋಡಿದರು. ನಾನು ಮೇಜಿನ ಮೇಲಿನ ನೀರಿನ ಲೋಟ ನೋಡಿದೆ.

“ನೀವೇ ನೋಡಿ” ಎಂದು ಮೇಡಂ ಪಾಠ ಹಾಕಿದರು.

ಪರದೆಯ ಮೇಲೆ ಅಣ್ಣ ಮಾತಾಡಲು ಶುರು ಮಾಡಿದ. ಎಲ್ಲೂ ತಡೆಯಿಲ್ಲ, ಕಣ್ಣು ಮುಚ್ಚುವುದಿಲ್ಲ, ಕುತ್ತಿಗೆ ಉಬ್ಬುವುದಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅಣ್ಣ ಅವನನ್ನು ನೋಡುತ್ತಿದ್ದ. ಮೊದಲ ಅರ್ಧ ನಿಮಿಷ ಅವನಿಗೆ ಅರ್ಥವಾಗಲಿಲ್ಲ ಎಂದು ಕಾಣುತ್ತದೆ, ಮುಂದೆ ಬಾಗಿದ. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿಕೊಂಡ. ಈ ಮೇಡಂ ಮೆಚ್ಚಿದ್ದು ತನ್ನನ್ನಲ್ಲ ಎಂದು ಅವನಿಗೆ ತಿಳಿದ ಕ್ಷಣ ಅದೇ. ಹೊಸ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಮೂರನೇ ನಿಮಿಷ. “ದಾರ ಒಳಗೆ ಸಿಕ್ಕಿಕೊಂಡಾಗ ಈ ಪ್ಲೇಟು ಬಿಚ್ಚಬೇಕು” ಎಂದಿತು ಪರದೆ. ಕೈಗಳು ಕಂಡವು. “ಸೂಜಿಯ ಕೆಳಗೆ ಬೆರಳು ಹಾಕಿ ದಾರದ ತುಂಡು ಎಳೀರಿ.” ಎರಡು ಮಾತಿನ ನಡುವೆ ಕೂದಲೆಳೆಯಷ್ಟೂ ಸಂದಿಯಿಲ್ಲ. ಅಷ್ಟು ಅಚ್ಚುಕಟ್ಟು ನನ್ನ ಕೆಲಸ.

ಮೇಡಂ ವಿಡಿಯೋ ನಿಲ್ಲಿಸಿದರು. “ಪ್ಲಗ್ ವಿಷಯ ಎಲ್ಲಿ ಹೇಳಿದ್ದೀರಿ?”

ಅಣ್ಣ ನನ್ನ ಕಡೆ ನೋಡಿದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ನಾನು ಅವನಿಗೆ ಬೇಡದ ಸಾಮಾನು ಕೇಳಿಬಿಟ್ಟಾಗ, ಆಯ್ತು ಅದನ್ನೇ ಕೊಡಿ ಎಂಬಂತೆ ತಲೆಯಾಡಿಸುತ್ತಿದ್ದನಲ್ಲ, ಆ ನೋಟ. ನನ್ನ ಕೈ ಚೀಲದೊಳಗೆ ಪೆನ್‌ಡ್ರೈವನ್ನು ಹಿಡಿದುಕೊಂಡಿತ್ತು.

“ನ... ನನ್ನದೇ ತಪ್ಪು” ಎಂದ ಅಣ್ಣ. “ಹೇಳೋದು ಮ... ಮರ್ತೆ.”

“ಮೂವತ್ತು ವರ್ಷ ಅನುಭವ ಇರೋರು ಇಂಥದ್ದು ಮರೀತಾರಾ?”

ಅಣ್ಣ ಹೊಸ ಕನ್ನಡಕ ಮಡಚಿ ಜೇಬಿಗಿಟ್ಟ.

ಇಡೀ ಜನ್ಮ ಯಾರೂ ಕೇಳದಿದ್ದರೂ ಅವನ ಪರವಾಗಿ ಬಾಯಿ ಹಾಕಿದವಳು ನಾನು. ಈಗ ಬಾಯಿ ಹಾಕಬೇಕಿತ್ತು. ‘ಅವನು ಹೇಳಿದ್ದ, ನಾನು ತೆಗೆದೆ’ ಎಂಬ ನಾಲ್ಕೇ ಪದ. ಬಾಯಿಗೆ ಬೀಗ ಜಡಿದಂತೆ ಕೂತೆ. ಈ ಕೇಂದ್ರದವರು ಕೊಡಲಿದ್ದ ಮುಂದಿನ ಕೆಲಸ ನೆನಪಾಯಿತು, ಊರಲ್ಲಿ ನನ್ನ ಹೆಸರು ನೆನಪಾಯಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ಅವನು ‘ಮರ್ತೆ’ ಎಂದ ಕೂಡಲೇ ನನಗೆ ಮೊದಲು ಆದದ್ದು ಸಮಾಧಾನ. ಅದರ ಹಿಂದೆಯೇ ನಾಚಿಕೆ ಬಂತು, ನಿಜ. ಆದರೆ ಮೊದಲು ಬಂದದ್ದು ಸಮಾಧಾನವೇ.

ಮೇಷ್ಟ್ರ ಕೆಲಸದ ಮಾತನ್ನು ಮೇಡಂ ಎತ್ತಲಿಲ್ಲ. ಅಣ್ಣನೂ ಕೇಳಲಿಲ್ಲ. ಹಸಿರು ಶಾಲಿನ ಹೆಂಗಸು ಮಾತ್ರ ಹೋಗುವಾಗ, “ಹೋಗ್ಲಿ ಬಿಡಿ, ಮನುಷ್ಯ ಅಂದ್ಮೇಲೆ ಮರೀತಾನೆ” ಎಂದು ಅವನಿಗೆ ಸಮಾಧಾನ ಹೇಳಿದರು. ಗಾಯವಾದವರಿಂದ ಸಮಾಧಾನ ಹೇಳಿಸಿಕೊಂಡು ಅವನು ಮೆಟ್ಟಿಲಿಳಿದ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತೆವು. ಆರನೇ ಸ್ಟಾಪಿನಲ್ಲಿ ಅಣ್ಣ ನನ್ನ ಕಡೆ ತಿರುಗಿ, “ನೀ... ನೀ...” ಎಂದ. ನಾನು ಕಾಯಲಿಲ್ಲ.

“ನೀನು ಯಾಕೆ ಹೀಗೆ ಮಾಡಿದೆ ಅಂತಾನಾ? ಅಣ್ಣ, ನಾನು...”

ಅವನು ಇಲ್ಲವೆಂದು ತಲೆಯಲ್ಲಾಡಿಸಿದ. “ನೀರಿದ್ಯಾ ಅಂತ.”

ಬಾಟಲಿ ತೆಗೆದು ಕೊಟ್ಟೆ. ಪೆನ್‌ಡ್ರೈವು ಅದರ ಪಕ್ಕದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅವನ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿದ ಯಂತ್ರ, ಎಣ್ಣೆಯ ವಾಸನೆ, ಡಬ್ಬಿಗಳಲ್ಲಿ ಸ್ಕ್ರೂಗಳು. ಹಳೆಯ ಕನ್ನಡಕ ಹಾಕಿಕೊಂಡಿದ್ದ. ಯಂತ್ರದ ಪ್ಲಗ್ ಕಿತ್ತು ಬೆಂಚಿನ ಮೇಲೆ, ತನ್ನ ಕಣ್ಣೆದುರಿಗೇ ಇಟ್ಟುಕೊಂಡಿದ್ದ. ಯಾವತ್ತಿನಂತೆ. ನಾನು ಪೆನ್‌ಡ್ರೈವನ್ನು ಅದರ ಪಕ್ಕದಲ್ಲಿ ಇಟ್ಟು ಎಲ್ಲವನ್ನೂ ಹೇಳಿದೆ. ಮೊದಲ ಪಾಠದಿಂದ ಶುರು ಮಾಡಿ ನಿನ್ನೆಯ ಸಮಾಧಾನದವರೆಗೆ. ತೆಗೆದ ತುಂಡಿನಲ್ಲಿ ಏನು ಹೇಳಿದ್ದ ಎಂಬುದು ಅವನಿಗೆ ಗೊತ್ತೇ ಇದೆ ಎಂದುಕೊಂಡು ಅದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಅವನು ಎಣ್ಣೆ ಹಾಕುತ್ತಲೇ ಕೇಳಿಸಿಕೊಂಡ.

“ಹೊಟ್ಟೆಗೆ ಹಾ... ಹಾಕ್ಕೊಂಡಿದ್ದೀನಿ, ಬಿಡು. ನಿನ್ನ ಕೆಲ್ಸ ಉಳೀಬೇಕಲ್ಲ. ನನ್ನ ಕೆಲ್ಸಕ್ಕೆ ಮಾತು ಬೇಡ.”

“ಅಣ್ಣ...”

“ಒಂದೇ ಕೇಳ್ತೀನಿ.” ಎಣ್ಣೆಯ ಕುಪ್ಪಿ ಕೆಳಗಿಟ್ಟ. ಮುಂದಿನ ಮಾತು ಸಿಕ್ಕಿಕೊಂಡಿತು. ನನ್ನ ನಾಲಿಗೆಯ ತುದಿಗೆ ಮೂರು ನಾಲ್ಕು ಊಹೆ ಬಂದವು. ಕಚ್ಚಿ ಹಿಡಿದೆ. ಅವನು ಹೇಳುವವರೆಗೂ ಕಾದೆ.

“ಅ... ಅದರಲ್ಲಿ ಇದ್ಯಾ? ನಾನು ಹೇಳಿದ್ದೀನಾ? ನಿನ್ನೆ ಆ ವಿಡಿಯೋ ನೋಡಿದ್ಮೇಲೆ ನಂಗೇ ಅ... ಅನುಮಾನ ಬಂದ್ಬಿಟ್ಟಿದೆ. ರಾತ್ರಿ ಎಲ್ಲಾ ಯೋಚ್ನೆ ಮಾಡ್ದೆ. ಹೇಳಿದ್ನೋ, ಹೇಳ್ಬೇಕು ಅಂದ್ಕೊಂಡು ಬಿಟ್ನೋ.”

ನನ್ನನ್ನು ಉಳಿಸಲು ಅವನು ಸುಳ್ಳು ಹೇಳಿದ್ದ ಎಂದುಕೊಂಡಿದ್ದೆ. ಅದು ಅರ್ಧ ಮಾತ್ರ. ಇನ್ನರ್ಧ, ಪರದೆಯ ಮೇಲಿನ ಆ ಸರಾಗದವನ ಎದುರಿಗೆ ಅವನು ತನ್ನನ್ನು ತಾನೇ ನಂಬದೆ ಹೋಗಿದ್ದ. ಮೂವತ್ತು ವರ್ಷದ ಅಭ್ಯಾಸವನ್ನು ನನ್ನ ಒಂಬತ್ತು ನಿಮಿಷ ಐವತ್ತು ಸೆಕೆಂಡು ಅಳಿಸಿಹಾಕಿತ್ತು.

“ಹೇಳಿದ್ದೆ ಅಣ್ಣ. ಮೂರು ಸಲ ಹೇಳಿದ್ದೆ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ತೋರಿಸಿದ್ದೆ.”

ಅವನು ಕಣ್ಣು ಮುಚ್ಚಿಕೊಂಡ. ಎಣ್ಣೆ ಕೈಯಿಂದಲೇ ಹಣೆ ಒರೆಸಿಕೊಂಡ. “ಸರಿ ಹಾಗಾದ್ರೆ” ಎಂದ. ಮತ್ತೆ ಯಂತ್ರದ ಮೇಲೆ ಬಗ್ಗಿದ.

ಕೋಣೆಗೆ ಬಂದು ಐದನೇ ಪಾಠ ತೆರೆದೆ. ಇನ್ನೂರ ಹದಿನೇಳು ತುಂಡುಗಳನ್ನು ಒಂದೊಂದಾಗಿ ಅದರದರ ಜಾಗಕ್ಕೆ ವಾಪಸು ತಂದೆ. ಮೂಲ ಕ್ಲಿಪ್ಪನ್ನೇ ಹಾಗೇ ಎಕ್ಸ್‌ಪೋರ್ಟ್ ಮಾಡಿದ್ದರೆ ಐದು ನಿಮಿಷದ ಕೆಲಸ. ಮಾಡಲಿಲ್ಲ. ಪ್ರತಿಯೊಂದನ್ನೂ ಕೇಳಿ, ಅದು ಎಲ್ಲಿಂದ ಬಂದದ್ದು ಎಂದು ನೋಡಿ, ಅಲ್ಲಿ ಕೂರಿಸಿದೆ. ಹೊದಿಸಿದ್ದ ಕೈಗಳ ಚಿತ್ರ ತೆಗೆದೆ. ತುಂಬಿದ್ದ ಮೌನ ತೆಗೆದೆ. ಮಧ್ಯಾಹ್ನ ಎರಡಕ್ಕೆ ಎಕ್ಸ್‌ಪೋರ್ಟ್ ಒತ್ತಿದೆ. ಪಾಠದ ಉದ್ದ ಈಗ ಇಪ್ಪತ್ತೈದು ನಿಮಿಷ. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಪರದೆಯ ಮೇಲೆ ತೆವಳುತ್ತಿರುವಾಗ ಕಿಟಕಿಯ ಹತ್ತಿರ ಹೋಗಿ ನಿಂತೆ, ಬಂದೆ, ಮತ್ತೆ ಹೋಗಿ ನಿಂತೆ. ಫೈಲಿಗೆ ‘ಪಾಠ5’ ಎಂದಷ್ಟೇ ಹೆಸರಿಟ್ಟೆ.

ಕೇಂದ್ರಕ್ಕೆ ಹೋದಾಗ ದೊಡ್ಡ ಕೋಣೆಯಲ್ಲಿ ತರಗತಿ ನಡೆದಿತ್ತು. ಎರಡು ಸಾಲು ಯಂತ್ರ, ಇಪ್ಪತ್ತು ಮಂದಿ. ಹಸಿರು ಶಾಲಿನ ಹೆಂಗಸು ಎರಡನೇ ಸಾಲಿನಲ್ಲಿ ಎಡಗೈಯಲ್ಲೇ ಬಟ್ಟೆ ಮಡಿಸುತ್ತ ಕೂತಿದ್ದರು. ಮೇಡಂಗೆ, “ಐದನೇ ಪಾಠದಲ್ಲಿ ಒಂದು ತಪ್ಪಾಗಿದೆ, ಎಲ್ಲರಿಗೂ ತೋರಿಸ್ಬೇಕು” ಎಂದೆ. ಯಾರ ತಪ್ಪು ಎಂದು ಹೇಳುವ ಧೈರ್ಯ ಆಗಲೂ ಬರಲಿಲ್ಲ. ಅವರು ಗಡಿಯಾರ ನೋಡಿ, ಆಗಲಿ ಎಂದರು.

ಅಣ್ಣ ಪರದೆಯ ಮೇಲೆ ಬಂದ. ಮೊದಲ ಉಗ್ಗಿಗೆ ಕೋಣೆಯಲ್ಲಿ ಒಂದಿಬ್ಬರು ಪರಸ್ಪರ ಮುಖ ನೋಡಿಕೊಂಡರು. ಎರಡನೆಯದಕ್ಕೆ ಯಾರೋ ಹುಳ್ಳಗೆ ನಕ್ಕರು. ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಗೋಡೆಗೆ ಒರಗಿ ನಿಂತು ಕಾದೆ. ಆ ಜಾಗ ಬಂತು.

“ಆದ್ರೆ ಮೊದ್ಲು ಪ... ಪ...”

ಹತ್ತು ಸೆಕೆಂಡು. ಕೋಣೆಯಲ್ಲಿ ಕೆಮ್ಮು ಕೇಳಿಸಿತು. ಹದಿನೈದು. ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನ ಗಂಡಸೊಬ್ಬರಿಗೆ ತಡೆಯಲಾಗಲಿಲ್ಲ, “ಪ್ಲಗ್ಗು ಅಂತ ಕಾಣುತ್ತೆ” ಎಂದು ಬಾಯಿಬಿಟ್ಟರು. ಆಗ ಹಿಂದಿನ ಸಾಲಿನಿಂದ ಬ್ಯಾಂಡೇಜು ಸುತ್ತಿದ ಬೆರಳು ಮೇಲೆದ್ದಿತು.

“ತಾಳಿ ಸ್ವಲ್ಪ. ಅವ್ರೇ ಹೇಳ್ಲಿ.”

ಇಷ್ಟು ವರ್ಷದಲ್ಲಿ ಅಣ್ಣನಿಗಾಗಿ ಯಾರೂ ಈ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ. ಕೋಣೆ ಸುಮ್ಮನಾಯಿತು. ಅಣ್ಣ ಮೇಜಿನ ಕೆಳಗೆ ಬಗ್ಗಿದ, ಎದ್ದ, ಪ್ಲಗ್ ಎತ್ತಿ ಹಿಡಿದ. ಹೇಳಿದ. ಮೂರು ಸಲ ಹೇಳಿದ. ನಲವತ್ತೊಂದು ಸೆಕೆಂಡು ಮುಗಿಯಿತು.

ಹಸಿರು ಶಾಲಿನ ಹೆಂಗಸು ಎದ್ದು ನಿಂತರು. ಪರದೆಯನ್ನು ನೋಡಿದರು, ತಮ್ಮ ಬೆರಳನ್ನು ನೋಡಿಕೊಂಡರು, ಆಮೇಲೆ ಕೋಣೆಯನ್ನೆಲ್ಲ ಸುತ್ತ ನೋಡಿದರು.

“ಪಾಪ, ಇಷ್ಟು ಕಷ್ಟಪಟ್ಟು ಹೇಳಿದ್ದಾರೆ. ಇದನ್ನ ತೆಗೆದು ಹಾಕಿದ್ದು ಯಾರು?”

ನಾನು ಬಾಯಿ ತೆರೆದೆ. “ನಾ...” ಎಂದೆ. ಮತ್ತೆ “ನಾ...” ಎಂದೆ. ಇಪ್ಪತ್ತು ಮಂದಿ ನನ್ನನ್ನೇ ನೋಡುತ್ತಿದ್ದರು. ಮೇಡಂ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು, ಯಾರು ಬೇಕಾದರೂ ಆ ಮಾತನ್ನು ಮುಗಿಸಿಬಿಡಬಹುದಿತ್ತು. ಯಾರೂ ಮುಗಿಸಲಿಲ್ಲ. ನಾನೇ ಹೇಳಲಿ ಎಂದು ಕಾದರು.

“ನಾನು” ಎಂದೆ.